ಅಂಬಪ್ಪ ಹಾಕಿಸಿದ ತಗಡು

ಟಿಕೆಟ್ ತೆಗೆಸದೆ ಕೂತವರು ಯಾರೆಂದು ಭಾರತಿಗೆ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗಿಬರುವ ಸರಕಾರಿ ಬಸ್ಸಿನಲ್ಲಿ ಅವಳು ಕಂಡಕ್ಟರ್. ಕಿಟಕಿಯ ಹೊರಗೆ ಅತಿಯಾಗಿ ನೋಡುವವರು, ಹತ್ತಿದ ಕೂಡಲೆ ನಿದ್ದೆ ಹೋದಂತೆ ಮಾಡುವವರು, ಅವಳು ಹತ್ತಿರ ಬರುವ ಮೊದಲೇ "ಅಕ್ಕಾರ, ಊಟ ಆತೇನ್ರಿ" ಎಂದು ನಗುವವರು, ಇವರನ್ನೆಲ್ಲ ನೋಡಿ ನೋಡಿ ಬಸ್ಸಿಳಿದ ಮೇಲೂ ಅವಳ ಕಣ್ಣು ಹಾಗೆಯೇ ಉಳಿದುಬಿಟ್ಟಿತ್ತು. ಸಂತೆಯ ತಕ್ಕಡಿಯನ್ನು ಬಗ್ಗಿ ನೋಡುತ್ತಿದ್ದಳು. ಗಂಡ ಮಲ್ಲೇಶ ತಡವಾಗಿ ಬಂದರೆ ಕಾರಣವನ್ನು ಎರಡು ಸಲ ಕೇಳುತ್ತಿದ್ದಳು. "ನಿಮ್ಮ ಮಗಳು ಪೊಲೀಸ್ ಆಗಬೇಕಿತ್ತು ನೋಡ್ರಿ ಅತ್ತಿ" ಎಂದು ಮಲ್ಲೇಶ ಗದ್ದೆಮ್ಮನ ಮುಂದೆ ನಗುತ್ತಿದ್ದ. ಅವನು ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್. ಗದ್ದೆಮ್ಮ ಭಾರತಿಯ ತಾಯಿ, ಮಗಳ ಜೊತೆಗೇ ಇರುವವಳು.

ಮಸ್ಕಿಯ ಆ ಮನೆ ಭಾರತಿಯ ಅಪ್ಪ ಅಂಬಪ್ಪ ಕಟ್ಟಿಸಿದ್ದು. ಮುಂದೆ ಒಂದು ಪಡಸಾಲೆ, ಹಿಂದೆ ಅಡುಗೆಮನೆ, ಪಕ್ಕಕ್ಕೊಂದು ಖೋಲಿ. ಎಲ್ಲದರ ಮೇಲೂ ಸಿಮೆಂಟ್ ತಗಡು. ಕಾಲುವೆ ಮೇಲೆ ಸರಕಾರಿ ಕೆಲಸ ಸಿಕ್ಕಮೇಲೆ ಅಂಬಪ್ಪ ಈ ಜಾಗ ಕೊಂಡಾಗ, ಪಕ್ಕದ ಮನೆಯ ಹಿರಿಯ ತನ್ನ ಮನೆಯ ಬಾಗಿಲನ್ನೇ ಮುಚ್ಚಿಸಿ ಆಚೆ ಓಣಿಯ ಕಡೆಗೆ ಹೊಸ ಬಾಗಿಲು ತೆಗೆಸಿದ್ದ. ಅಂದಿನಿಂದ ಆ ಮನೆಯ ಬೆನ್ನು ಇವರ ಕಡೆಗೆ. ಅಂಬಪ್ಪ ಜಗಳಕ್ಕೆ ಹೋಗಲಿಲ್ಲ. ತಗಡು ಏರಿಸಿದ ದಿನ ಏಣಿ ಹತ್ತಿ, ಅವರಿಗೆ ಕಾಣುವ ಕಡೆಯ ತಗಡಿನ ಮೇಲೆ ನೀಲಿ ಬಣ್ಣದಲ್ಲಿ "ಜೈ ಭೀಮ್" ಎಂದು ದೊಡ್ಡದಾಗಿ ಬರೆದು ಇಳಿದಿದ್ದ. ಈಗ ಅಂಬಪ್ಪನೂ ಇರಲಿಲ್ಲ, ಆ ಹಿರಿಯನೂ ಇರಲಿಲ್ಲ. ಆ ಮನೆಯಲ್ಲಿ ಹಿರಿಯನ ಸೊಸೆ ಮೌನೇಶ್ವರಿ, ಅವಳ ಗಂಡ ಬಾಲಪ್ಪ ಇಬ್ಬರೇ ಇದ್ದರು. ಎರಡು ಮನೆಗಳ ನಡುವೆ ಮಾತು ಇತ್ತು, ಆದರೆ ಗೋಡೆಯ ಮೇಲಿನಿಂದ ಮಾತ್ರ. ಅದೂ ಬಹುಮಟ್ಟಿಗೆ ಗೋಡೆಯ ಬಗ್ಗೆಯೇ.

ಬೇಸಿಗೆ ಶುರುವಾಗುವ ಮೊದಲು ತಗಡು ತೆಗೆದು ಸ್ಲ್ಯಾಬ್ ಹಾಕಿಸಬೇಕೆಂದು ಭಾರತಿ, ಮಲ್ಲೇಶ ನಿಶ್ಚಯಿಸಿದರು. ಗುತ್ತೇದಾರ ಆಂಜನೇಯನನ್ನು ಮಲ್ಲೇಶನ ಗೆಳೆಯರೊಬ್ಬರು ತೋರಿಸಿದ್ದು. ಇಸ್ತ್ರಿ ಅಂಗಿ, ಕಿವಿಗೆ ಅಂಟಿದ ಫೋನು, ಬಾಯಿ ತುಂಬ "ಮೇಡಂ".

"ಮೊದಲು ಹಿಂದಿಂದು ತೆಗೀತೀವ್ರಿ ಮೇಡಂ. ನೀವು ಪಡಸಾಲ್ಯಾಗ ಇರ್ರಿ. ಅದು ಮುಗದಮ್ಯಾಲ ಮುಂದಿಂದು. ಬೋಲ್ಟು ಬಿಚ್ಚಿ ಒಂದೊಂದಾ ಇಳಸ್ತೀವಿ, ಒಂದು ಚೂರು ಒಡ್ಯಂಗಿಲ್ಲ."

ಕೇಳದಿದ್ದರೂ ಹೇಳಿದ ಮಾತು ಅದು. ಒಡೆಯುವುದಿಲ್ಲ ಎಂದು ಇವನು ಯಾಕೆ ಹೇಳಬೇಕು ಎಂದು ಭಾರತಿಗೆ ಅನ್ನಿಸಿತು. ಆದರೆ ಮಲ್ಲೇಶ ಆಗಲೇ ಹೂಂ ಅಂದಿದ್ದ.

ಕೆಲಸ ಹಚ್ಚಿದ ದಿನ ಸಂಜೆ ಡ್ಯೂಟಿ ಮುಗಿಸಿ ಬಂದರೆ ಮನೆಯ ಹಿಂದಿನ ಅರ್ಧಕ್ಕೆ ಆಕಾಶ ಕಾಣುತ್ತಿತ್ತು. ನೆಲದ ತುಂಬ ತಗಡಿನ ಚೂರು. ದೊಡ್ಡ ಸುತ್ತಿಗೆ ಗೋಡೆಗೆ ಒರಗಿತ್ತು. ಪಡಸಾಲೆಯಲ್ಲಿ ನೀರಿನ ಡ್ರಮ್ಮು, ಹಾಸಿಗೆ, ರೊಟ್ಟಿಯ ಬುಟ್ಟಿ, ಎಲ್ಲದರ ಮೇಲೂ ಬೂದುಬಣ್ಣದ ಸಣ್ಣ ಹಿಟ್ಟಿನಂಥ ಪುಡಿ. ಗದ್ದೆಮ್ಮ ಸೆರಗು ಮೂಗಿಗೆ ಕಟ್ಟಿಕೊಂಡು ಕಸಬರಿಗೆಯಿಂದ ಗುಡಿಸುತ್ತಿದ್ದಳು, ಗುಡಿಸಿದಷ್ಟೂ ಅದು ಎದ್ದು ಮತ್ತೆ ಕೂರುತ್ತಿತ್ತು. ಭಾರತಿಯ ಎರಡನೇ ಕ್ಲಾಸಿನ ಮಗಳು ನಂದಿನಿ ಟ್ರಂಕಿನ ಮೇಲೆ ಬಿದ್ದ ಪುಡಿಯಲ್ಲಿ ಬೆರಳಿನಿಂದ ತನ್ನ ಹೆಸರು ಬರೆದಿದ್ದಳು.

"ಒಂದೂ ಒಡ್ಯಂಗಿಲ್ಲ ಅಂದಿದ್ದಿ?"

"ಎಲ್ಲಾ ಜೀರ್ಣ ಆಗ್ಯಾವ್ರಿ ಮೇಡಂ, ಬೋಲ್ಟು ಜಂಗ್ ಹಿಡದಾವ. ಮುಟ್ಟಿದ್ರ ಪುಡಿ ಆದ್ವು. ಒಂದೂ ಕೈಗೆ ಬರಲಿಲ್ಲ" ಎಂದ ಆಂಜನೇಯ. "ಚೂರೆಲ್ಲಾ ಊರ ಹೊರಗ ಗುಂಡ್ಯಾಗ ಹಾಕಿಸ್ತೀನಿ, ನೀವು ಕಾಳಜಿ ಮಾಡಬ್ಯಾಡ್ರಿ."

ಅಷ್ಟರಲ್ಲಿ ಗೋಡೆಯಾಚೆಯಿಂದ ಮೌನೇಶ್ವರಿಯ ತಲೆ ಕಾಣಿಸಿತು.

"ಏ ಭಾರತಿ, ನೀರರ ಹೊಡದು ತೆಗೀರಿ ಅಂತ ಹೇಳ ಇವರಿಗೆ. ಆ ಪುಡಿ ಚಲೋ ಅಲ್ಲ, ಎದಿ ಹಿಡೀತೈತಿ."

"ನಮ್ಮನಿ ಧೂಳು ನಮಗ ಇರ್ಲಿ ಬಿಡ್ರಿ."

"ನಿಮ್ಮನ್ಯಾಗಿಂದು ನಿಮ್ಮನ್ಯಾಗ ನಿಂತಿದ್ರ ನಾ ಯಾಕ ಬಾಯಿ ತೆಗೀತಿದ್ದೆ?"

ಭಾರತಿ ಸರ್ರನೆ ತಿರುಗಿ ಒಳಗೆ ನಡೆದಳು. ಆದರೆ ಒಳಗೆ ಬಂದಮೇಲೂ ಆ ಮಾತು ಕೊರೆಯುತ್ತಿತ್ತು. ಇಷ್ಟು ವರ್ಷ ಇಲ್ಲದ ಕಾಳಜಿ ಈಗ ಎಲ್ಲಿಂದ ಬಂತು? ಸ್ಲ್ಯಾಬ್ ಹಾಕಿದರೆ ತಮ್ಮ ಮನೆ ಅವರ ಹಂಚಿನ ಮನೆಗಿಂತ ಎತ್ತರ ಆಗುತ್ತದೆ. ಅದಕ್ಕೇ ಇರಬೇಕು. "ಬಾಗಿಲಾ ತಿರುವಿಕೊಂಡ ಮಂದಿ" ಎಂದಳು ಮಲ್ಲೇಶನಿಗೆ. ಅವನೂ ತಲೆಯಾಡಿಸಿದ. ಗದ್ದೆಮ್ಮ ಮಾತ್ರ, "ಆಕಿ ಹೇಳಿದ್ದು ಸುಳ್ಳೇನಲ್ಲ ಬಿಡ, ನನಗೂ ಮುಂಜಾನಿಂದ ಗಂಟಲು ಕೆರಿಯಾಕತ್ತೈತಿ" ಎಂದು ಗೊಣಗಿದಳು.

ಮರುದಿನ ಪುರಸಭೆಯಿಂದ ಒಬ್ಬರು ಬಂದರು. ಧೂಳಿನ ಬಗ್ಗೆ ದೂರು ಬಂದಿದೆ, ನೀರು ಹಾಕದೆ, ಪರದೆ ಕಟ್ಟದೆ ಕೆಡವಬಾರದು ಎಂದು ಹೇಳಿ ಕೆಲಸ ನಿಲ್ಲಿಸಿ ಹೋದರು. ದೂರು ಯಾರದೆಂದು ಅವರು ಹೇಳಲಿಲ್ಲ. ಭಾರತಿಗೆ ಹೇಳಬೇಕಾಗಿಯೂ ಇರಲಿಲ್ಲ.

"ನೋಡಿದ್ರೇನ್ರಿ ಮೇಡಂ" ಎಂದ ಆಂಜನೇಯ, ದನಿ ತಗ್ಗಿಸಿ. "ನಿಮ್ಮಂಥವ್ರ ಮನಿ ಮ್ಯಾಲೇಳೋದು ಇವರಿಗೆ ಸೇರಂಗಿಲ್ಲ. ನಾ ನಿಮ್ಮ ಕಡಿ ಅದೀನಿ. ಎಂಥಾ ಗಟ್ಟಿ ಹೆಣ್ಣಮಗಳು ನೀವು!"

ತನ್ನ ಮನಸ್ಸಿನಲ್ಲಿದ್ದುದನ್ನೇ ಅವನು ಹೇಳಿದ್ದ. ಒಂದು ಗಳಿಗೆ ಅವಳಿಗೆ ಹಿತವಾಯಿತು. ಆಮೇಲೆ ಬಸ್ಸಿನ ನೆನಪಾಯಿತು. ಟಿಕೆಟ್ ಇಲ್ಲದವನೇ ಕಂಡಕ್ಟರನ್ನು ಹೊಗಳುವುದು. ಇವನು ಯಾಕೆ ಹೊಗಳುತ್ತಿದ್ದಾನೆ? ಮೌನೇಶ್ವರಿಯ ಮೇಲೆ ಇವನಿಗೇಕೆ ಸಿಟ್ಟು? ಹಿತ್ತಲಿಗೆ ಹೋಗಿ ನೋಡಿದಳು. ಅಷ್ಟು ದೊಡ್ಡ ಮಾಡಿನ ಚೂರುಗಳು ಇಷ್ಟೇ ಇಷ್ಟಿದ್ದವು. ಒಡೆದದ್ದು ಕರಗುತ್ತದೆಯೇ?

"ಅವ್ವಾ, ನಿನ್ನೆ ಯಾರರ ಬಂದಿದ್ರೇನು?"

"ಹಿಂದಿನ ಓಣ್ಯಾಗ ಟ್ರ್ಯಾಕ್ಟರ್ ನಿಂತಿತ್ತವಾ. ಚೂರು ಒಯ್ಯಾಕ ಬಂದೈತಿ ಅಂದ್ರು. ನಾ ಪಡಸಾಲ್ಯಾಗ ಇದ್ದೆ, ನೋಡಿಲ್ಲ."

ಉತ್ತರ ಸಿಕ್ಕಿದ್ದು ಎರಡು ದಿನ ಬಿಟ್ಟು, ಸಂತೆಕಲ್ಲೂರಿನಲ್ಲಿ. ಅಲ್ಲಿ ಸ್ಟಾಪಿನ ಹತ್ತಿರ ರಾಜಾಬೀ ಎಂಬ ಮುದುಕಿಯ ಚಹಾದ ಅಂಗಡಿ. ಚಾಲಕ ಪಂಪಣ್ಣ ಅಲ್ಲಿ ಚಹಾ ಕುಡಿಯದೆ ಬಸ್ಸು ಮುಂದೆ ಹೋಗುತ್ತಿರಲಿಲ್ಲ. ಆ ದಿನ ಭಾರತಿ ಬಾಗಿಲಲ್ಲಿ ನಿಂತು ಜನ ಇಳಿಯುವುದನ್ನು ನೋಡುತ್ತಿದ್ದವಳು, ಅಂಗಡಿಯ ಹಿಂದೆ ಆಡುಗಳಿಗೆ ಹೊಸದಾಗಿ ಹಾಕಿದ್ದ ಮಾಡಿನ ಮೇಲೆ ನೀಲಿ ಅಕ್ಷರ ಕಂಡಳು. ಮೊದಲು ಓದಲು ಬರಲಿಲ್ಲ, ತಗಡು ತಲೆಕೆಳಗಾಗಿತ್ತು. ಕತ್ತು ವಾರೆ ಮಾಡಿದಳು. "ಭೀಮ್". ಎಷ್ಟೋ ಜನ ಬರೆಯುತ್ತಾರೆ, ಊರೂರಲ್ಲಿ ಬರೆದಿರುತ್ತದೆ ಎಂದುಕೊಂಡಳು. ಆದರೆ ಕೊನೆಯ ಅಕ್ಷರದಿಂದ ಬಣ್ಣ ಉದ್ದಕ್ಕೆ ಸೋರಿ ಬಾಲದ ಹಾಗೆ ಚಾಚಿತ್ತು. ಆ ಬಾಲವನ್ನು ಅವಳು ಸಣ್ಣವಳಿದ್ದಾಗಿನಿಂದ ನೋಡಿದ್ದಳು. ಪಕ್ಕದಲ್ಲೇ ಇನ್ನೂ ಹತ್ತಾರು ತಗಡು, ಒಂದಕ್ಕೂ ಸೀಳು ಬಿಟ್ಟಿರಲಿಲ್ಲ.

ಕೆಳಗಿಳಿದು ಅಂಗಡಿಯ ಮುಂದೆ ನಿಂತು, ದನಿ ಸಡಿಲ ಬಿಟ್ಟು ಕೇಳಿದಳು. "ಯವ್ವಾ, ತಗಡು ಭಾರಿ ಗಟ್ಟಿ ಅದಾವಲ್ಲ. ನಮಗೂ ಬೇಕಾಗಿದ್ವು, ಎಲ್ಲಿ ಸಿಗ್ತಾವ?"

"ಮಸ್ಕ್ಯಾಗ ಆಂಜನೇಯ ಅಂತ ಗುತ್ತೇದಾರ ಅದಾನಲ್ಲ, ಅವ ಕೊಟ್ಟ" ಎಂದಳು ರಾಜಾಬೀ, ಚಹಾ ಸೋಸುತ್ತ. "ಯಾವ್ದೋ ಮನಿ ಕೆಡವಾಕತ್ತಾನಂತ. ಮುಂದಿನ ಮಾಡಿಂದು ಇನ್ನೂ ಬಾಕಿ ಅದಾವಂತ, ಕೇಳು ಬೇಕಾದ್ರ."

"ಒಡದಿದ್ದೇನರ ಸಿಗತಾವೇನು? ನೆಲಕ್ಕ ಹಾಕಾಕ?"

"ನಾನೂ ಕೇಳಿದ್ದೆ ಬೇಟಾ. ಇಲ್ಲ, ಒಡದಿದ್ದೆಲ್ಲಾ ಆ ಮನಿ ಅಡಗಿಮನಿ ನೆಲಕ್ಕಾ ಭರ್ತಿ ಹಾಕಿಬಿಟ್ವಿ, ಗರಸು ಮಣ್ಣು ತರಸೋ ಖರ್ಚು ಉಳೀತು ಅಂದ."

ಪಂಪಣ್ಣ ಹಾರ್ನ್ ಹೊಡೆದ. ಲಿಂಗಸುಗೂರು ಬರುವವರೆಗೆ ಭಾರತಿ ಯಾರಿಗೆ ಟಿಕೆಟ್ ಕೊಟ್ಟಳೋ, ಯಾರನ್ನು ಬಿಟ್ಟಳೋ ಅವಳಿಗೇ ನೆನಪಿಲ್ಲ.

ಸಂಜೆ ಮಾಡಿಲ್ಲದ ಅಡುಗೆಮನೆಯಲ್ಲಿ, ಕೆಡವುವುದು ನಿಂತ ಮೇಲೆ ಆಂಜನೇಯ ಬಡಿಸಿ ಸಮ ಮಾಡಿದ್ದ ಗರಸು ಮಣ್ಣಿನ ಮೇಲೆ ಅವಳು ಹಾರೆ ಹಾಕಿದಳು. ಒಂದು ಗೇಣು ಇಳಿಯುವಷ್ಟರಲ್ಲಿ ಕಟ್ ಎಂದಿತು. ಬೂದು ಚೂರು, ಪಕ್ಕದಲ್ಲಿ ಇನ್ನೊಂದು, ಕೆಳಗೆ ಪುಡಿ. ಆಂಜನೇಯನನ್ನು ಕರೆಸಿದರು.

"ನಾಕು ಹಳೇ ತಗಡಿಗೆ ಇಷ್ಟ್ಯಾಕ್ರಿ ಮೇಡಂ? ಅವು ಕಸ."

"ಕಸ ಇದ್ರ ಸಂತೆಕಲ್ಲೂರಿಗೆ ಯಾಕ ಹೋದ್ವು? ಚಲೋ ಇದ್ದಿದ್ದು ಮಾರಿದಿ, ಉಳಿದಿದ್ದು ಸುತ್ತಿಗಿಲೆ ಕುಟ್ಟಿ ಎಲ್ಲಾ ಒಡದಾವ ಅಂತ ತೋರಿಸಿದಿ. ಕುಟ್ಟಿದ್ದನ್ನ ನನ್ನ ಅಡಗಿಮನ್ಯಾಗ ಹೂತಿ."

ಅವನು ನಕ್ಕ. ಆ ನಗು ಅವಳಿಗೆ ಚೆನ್ನಾಗಿ ಪರಿಚಯದ್ದು, ತಪಾಸಣೆಯವರು ಹತ್ತಿದಾಗ ಕಿಸೆ ತಡಕಾಡುವವರ ನಗು. "ಅದೂ ಸಿಮೆಂಟಾ ಅಲ್ಲೇನ್ರಿ. ನೆಲಾ ಗಟ್ಟಿ ಆಕ್ಕೈತಿ. ನೆಲದಾಗ ಹೂತಿದ್ದು ಎದ್ದು ಬಂದು ಏನ್ ಮಾಡತೈತಿ?"

"ನಾಳಿಂದ ನೀ ಬರಬ್ಯಾಡ" ಎಂದ ಮಲ್ಲೇಶ. ಆಂಜನೇಯ ಹೋಗುತ್ತ, ಇಂಥ ಅನುಮಾನದ ಹೆಣ್ಣುಮಗಳ ಮನೆಯಲ್ಲಿ ಯಾವ ಗೌಂಡಿಯೂ ಕೆಲಸ ಮಾಡುವುದಿಲ್ಲ ಎಂದು ಓಣಿಗೆ ಕೇಳುವಂತೆ ಹೇಳಿ ಹೋದ.

ಮಲ್ಲೇಶ ಸಿಟ್ಟಿನಲ್ಲಿ ಅಲ್ಲೇ ಅಗೆಯಲು ನಿಂತ. ಎರಡು ಗುದ್ದಲಿ ಹಾಕುವಷ್ಟರಲ್ಲಿ ಪುಡಿ ಮತ್ತೆ ಎದ್ದಿತು, ಗದ್ದೆಮ್ಮ ಗೋಡೆ ಹಿಡಿದು ಕೆಮ್ಮತೊಡಗಿದಳು. ಗೋಡೆಯಾಚೆಯಿಂದ ಕೂಗು ಬಂತು. "ಮತ್ತ ಎಬ್ಬಿಸಬ್ಯಾಡ್ರಿ ಅದನ್ನ! ಇದ್ದಲ್ಲೇ ಇರ್ಲಿ!"

ಇವಳಿಗೆ ಅದು ಅಲ್ಲೇ ಇರಬೇಕು ಯಾಕೆ? ನಮ್ಮ ನೆಲದಲ್ಲಿ ವಿಷ ಉಳಿಯಲಿ ಎಂದೇ? ಭಾರತಿಗೆ ತಲೆ ಚಿಟ್ಟು ಹಿಡಿದಂತಾಯಿತು. ಆದರೂ ತಾಯಿಯ ಕೆಮ್ಮು ನೋಡಿ ಮಲ್ಲೇಶನ ಕೈಯಿಂದ ಗುದ್ದಲಿ ಕಸಿದುಕೊಂಡಳು.

ಸಿಂಧನೂರಿನಲ್ಲಿ ಎದೆಯ ಡಾಕ್ಟರ್ ಒಬ್ಬರಿದ್ದರು. ರಜೆ ಹಾಕಿ ತಾಯಿಯನ್ನೂ ಮಗಳನ್ನೂ ಕರೆದೊಯ್ದಳು. ಅವರು ಇಬ್ಬರ ಬೆನ್ನಿಗೂ ಕೊಳವೆ ಇಟ್ಟು ಕೇಳಿದರು, ಗದ್ದೆಮ್ಮನಿಗೆ ಎದೆಯ ಎಕ್ಸ್‌ರೇ ಫೋಟೋ ತೆಗೆಸಿದರು.

"ಈ ಕೆಮ್ಮು ಬರೇ ಧೂಳಿಂದು, ಹೋಗತೈತಿ" ಎಂದರು. ಆಮೇಲೆ ತಗಡಿನ ಬಗ್ಗೆ ಕೇಳಿ ತಿಳಿದು, ಪೆನ್ನು ಕೆಳಗಿಟ್ಟರು. "ಹಳೇ ಸಿಮೆಂಟ್ ತಗಡಿನ್ಯಾಗ ಕಲ್ನಾರು ಅಂತ ಇರತೈತಮ್ಮ. ಆಸ್ಬೆಸ್ಟಾಸ್ ಅಂತಾರಲ್ಲ, ಅದು. ತಗಡು ಇಡಿಯಾಗಿದ್ರ ಅಷ್ಟು ತ್ರಾಸಿಲ್ಲ. ಒಡದ್ರ, ಕೊರದ್ರ, ಕಣ್ಣಿಗೆ ಕಾಣದಂಥ ಎಳಿ ಹಾರತಾವ. ಎದಿಯಾಗ ಹೋಗಿ ಕೂತ್ರ ಹೊರಗ ಬರಂಗಿಲ್ಲ."

"ಕೂತಾವೋ ಇಲ್ಲೋ ಈಗ ನೋಡಾಕ ಬರಂಗಿಲ್ಲೇನ್ರಿ?"

"ಈಗ ಏನೂ ಕಾಣಂಗಿಲ್ಲ. ತೊಂದ್ರಿ ಆಗೋದಿದ್ರ ಭಾಳ ವರ್ಷದ ಮ್ಯಾಲೆ. ಹೆಚ್ಚು ಮಂದಿಗೆ ಏನೂ ಆಗಂಗಿಲ್ಲ. ನಿಮ್ಮದು ಒಂದೆರಡು ದಿನದ್ದು. ಹೆದರಬ್ಯಾಡ್ರಿ, ಆದ್ರ ಮತ್ತ ಎಬ್ಬಿಸಬ್ಯಾಡ್ರಿ. ನೆಲದಾಗಿಂದು ತೋಯಿಸಿ, ಮ್ಯಾಲೆ ಕಾಂಕ್ರೀಟ್ ಹಾಕಿ ಮುಚ್ಚಿಬಿಡ್ರಿ. ಮನ್ಯಾಗ ಗುಡಿಸಬ್ಯಾಡ್ರಿ, ಒದ್ದಿ ಅರಿವಿಲೆ ಒರಸ್ರಿ. ಉಳಿದ ತಗಡು ನೀರು ಹೊಡದು ಇಡಿಯಾಗಿ ಇಳಸ್ರಿ."

ಮತ್ತ ಎಬ್ಬಿಸಬ್ಯಾಡ್ರಿ. ಅದೇ ಮಾತು, ಗೋಡೆಯಾಚೆಯಿಂದ ಬಂದದ್ದು. ಭಾರತಿ ಡಾಕ್ಟರರ ಮುಖವನ್ನೇ ನೋಡುತ್ತಿದ್ದಳು. ಹೆದರಬೇಡಿ ಎಂದಾಗ ಅವರು ಯಾಕೆ ಮಗುವಿನ ಕಡೆ ನೋಡಿದರು? ಏನಾದರೂ ಮುಚ್ಚಿಟ್ಟರೇ? ಎಷ್ಟು ನೋಡಿದರೂ ಆ ಮುಖದಲ್ಲಿ ಏನೂ ಸಿಗಲಿಲ್ಲ.

ಬಸ್ಸಿನಲ್ಲಿ ವಾಪಸಾಗುವಾಗ ಗದ್ದೆಮ್ಮ, "ಭಾಳ ವರ್ಷದ ಮ್ಯಾಲಂತ. ನಾ ಎಲ್ಲಿ ಇರ್ತೀನಿ ಆಗ. ನನಗೇನು ಬಿಡ" ಎಂದು ನಕ್ಕಳು. ನಂದಿನಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಮುದುಕಿಯ ಕೈ ಮಗುವಿನ ಎದೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಭಾರತಿಗೆ ಟ್ರಂಕಿನ ಮೇಲೆ ಪುಡಿಯಲ್ಲಿ ಬರೆದ ಹೆಸರು ಕಣ್ಣಿಗೆ ಕಟ್ಟಿತು.

ಮಸ್ಕಿಯಲ್ಲಿ ಇಳಿದು ಅವರಿಬ್ಬರನ್ನು ಮನೆಗೆ ಬಿಟ್ಟವಳು ಒಳಗೆ ಹೋಗದೆ ಆಚೆ ಓಣಿಗೆ ಸುತ್ತುಹಾಕಿ ಹೋದಳು. ಹುಟ್ಟಿದಾಗಿನಿಂದ ಪಕ್ಕದಲ್ಲೇ ಇದ್ದರೂ ಆ ಮನೆಯ ಬಾಗಿಲನ್ನು ಅವಳು ನೋಡಿದ್ದು ಅಂದೇ ಮೊದಲು. ಅಂಗಳದಲ್ಲಿ ಹೊರಸಿನ ಮೇಲೆ ಬಾಲಪ್ಪ ಎರಡು ದಿಂಬಿಗೆ ಒರಗಿ ಕೂತಿದ್ದ. ಒಂದೊಂದು ಉಸಿರನ್ನೂ ಭಾರ ಎತ್ತಿದಂತೆ ಎಳೆದುಕೊಳ್ಳುತ್ತಿದ್ದ. ಗೋಡೆಯ ಮೇಲಿನಿಂದ ಅವನು ಕಾಣುತ್ತಲೇ ಇರಲಿಲ್ಲ. ಕೆಮ್ಮು ಕೇಳಿಸುತ್ತಿತ್ತು, ಬೀಡಿಯ ಕೆಮ್ಮು ಎಂದುಕೊಂಡಿದ್ದಳು.

"ಪುರಸಭಿಗೆ ಹೇಳಿದವ್ರು ನೀವೇನ್ರಿ?"

"ಹೌದು, ನಾನಾ" ಎಂದಳು ಮೌನೇಶ್ವರಿ, ಹೊಸ್ತಿಲಲ್ಲಿ ನಿಂತು. "ಮತ್ತ ಒಡದ್ರ ಮತ್ತ ಹೇಳ್ತೀನಿ. ಇವ್ರು ಕಲ್ಲು ಕೊಯ್ಯೋ ಮಿಷನ್ನಿನ ಮ್ಯಾಲ ದುಡದು ಎದಿಯಾಗ ಕಲ್ಲಿನ ಪುಡಿ ತುಂಬಿಸ್ಕೊಂಡು ಬಂದಾರ. ನಿಮ್ಮ ತಗಡು ಒಡದ ದಿನ ಇವ್ರಿಗೆ ಜೀವ ಹೋಗಿ ಬಂತು."

"ಮದ್ಲಾ ಹಿಂಗಂತ ಹೇಳಬಾರದಾಗಿತ್ತೇನ್ರಿ?"

"ಹೇಳಿದ್ರ ನೀ ನಂಬ್ತಿದ್ದೇನು?" ಮೌನೇಶ್ವರಿ ಅವಳನ್ನು ನೆಟ್ಟಗೆ ನೋಡಿದಳು. "ನೋಡವಾ, ನಿಮ್ಮ ಗ್ವಾಡಿ ಎರಡು ಗೇಣು ನಮ್ಮ ಕಡಿ ಬಂದೈತಿ ಅಂತ ಈಗೂ ಅಂತೀನಿ, ನಾಳೆನೂ ಅಂತೀನಿ. ಆ ಜಗಳ ಬ್ಯಾರೆ. ಇದು ಬ್ಯಾರೆ."

ಭಾರತಿ ಹೊರಸಿನ ಕಡೆ ಒಮ್ಮೆ ನೋಡಿದಳು. ಮುಂದಿನ ಮಾಡು ಇಳಿಸಬೇಕು, ನೀರು ಹೊಡೆಯೋಣವೆಂದರೆ ನಳ ಎರಡು ದಿನಕ್ಕೊಮ್ಮೆ ಮಾತ್ರ ಬರುತ್ತದೆ ಎಂದು ಸುಮ್ಮನೆ ಅಂದಳು.

"ನಮ್ಮ ಬೋರಿಗೆ ಪೈಪ್ ಹಚ್ಚಿ ಗ್ವಾಡಿ ಮ್ಯಾಲಿಂದ ಒಗೀತೀನಿ. ಎಷ್ಟು ಬೇಕೋ ಹೊಡಕೋರಿ."

ನೀರಿನ ಬದಲಿಗೆ ಇವಳು ನಾಳೆ ಗೋಡೆಯ ಮಾತು ತೆಗೆಯುತ್ತಾಳೇನೋ ಎಂಬ ಯೋಚನೆ ದಾರಿಯುದ್ದಕ್ಕೂ ಭಾರತಿಯನ್ನು ಬಿಡಲಿಲ್ಲ. ಆದರೂ ಒಪ್ಪಿಕೊಂಡು ಬಂದಿದ್ದಳು.

ಪಾಮನಕಲ್ಲೂರಿನ ಹನುಮಂತು ಎಂಬ ಗಾರೆಕೆಲಸದ ಗೌಂಡಿ ಸಿಕ್ಕ. ಗದ್ದೆಮ್ಮ, ನಂದಿನಿ ಗುರುಗುಂಟಾದಲ್ಲಿದ್ದ ನೆಂಟರ ಮನೆಗೆ ಹೋದರು. ಭಾರತಿ ರಜೆ ಹಾಕಿ ಅಂಗಳದಲ್ಲೇ ನಿಂತಳು. ಕೆಲಸದವರಿಗೆಲ್ಲ ಔಷಧಿ ಅಂಗಡಿಯಿಂದ ತಂದ ಮುಖಗವಸು ಹಾಕಿಸಿದಳು, ತೆಗೆದವನನ್ನು ಕೆಳಗಿಳಿಸಿದಳು. ಗೋಡೆಯ ಮೇಲಿನಿಂದ ಪೈಪು ಬಂತು. ತಗಡು ತೊಯ್ದು ಕಪ್ಪಾದವು. ಜಂಗ್ ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಕಾದು, ಬಿಚ್ಚಿ, ಒಂದೊಂದು ತಗಡನ್ನೂ ಹಗ್ಗ ಕಟ್ಟಿ ಇಳಿಸಿದರು. ಮುಟ್ಟಿದರೆ ಪುಡಿಯಾಗುತ್ತವೆ ಎಂದು ಆಂಜನೇಯ ಹೇಳಿದ್ದ ತಗಡುಗಳು ಒಂದೂ ಒಡೆಯಲಿಲ್ಲ. ಅವನ್ನೆಲ್ಲ ತಾಡಪಾಲಿನಲ್ಲಿ ಸುತ್ತಿ ಕಟ್ಟಿ ಮೂಲೆಗಿಟ್ಟರು. ಪುರಸಭೆಯವರು ಬಂದು ನೋಡಿ, ಇವನ್ನು ಎಲ್ಲೆಂದರಲ್ಲಿ ಬಿಸಾಡುವಂತಿಲ್ಲ, ಮೇಲಿನವರನ್ನು ಕೇಳಿ ಒಯ್ಯಿಸುತ್ತೇವೆ ಎಂದರು. ಅಡುಗೆಮನೆಯ ಭರ್ತಿಯನ್ನು ಅಗೆಯಲಿಲ್ಲ. ತೋಯಿಸಿ ಮೇಲೆ ದಪ್ಪ ಕಾಂಕ್ರೀಟ್ ಹಾಕಿಸಿದರು. ಅಲ್ಲಿ ಕಾಲಿಟ್ಟಾಗಲೆಲ್ಲ ಕೆಳಗೇನಿದೆ ಎಂಬುದು ಭಾರತಿಗೆ ಪಾದಕ್ಕೆ ತಾಗುವಂತಿತ್ತು.

ಉಳಿದದ್ದು ರಾಜಾಬೀ. ಡ್ಯೂಟಿಗೆ ಮರಳಿದ ದಿನವೇ ಭಾರತಿ ಅಂಗಡಿಯ ಮುಂದೆ ನಿಂತು ಎಲ್ಲ ಹೇಳಿದಳು. ಅವು ನಮ್ಮ ಮನೆಯ ತಗಡು, ಒಡೆಯಬೇಡ, ಮೊಳೆ ಹೊಡೆಯಬೇಡ, ತೂತು ಕೊರೆಯಬೇಡ, ಆ ಪುಡಿ ಎದೆಗೆ ಕೆಟ್ಟದ್ದು.

ರಾಜಾಬೀ ಸೌಟು ಹಿಡಿದ ಕೈಯನ್ನು ಸೊಂಟಕ್ಕಿಟ್ಟಳು. "ಅವತ್ತು ನಮಗೂ ಬೇಕು ಅಂದಿ. ಇವತ್ತು ವಿಷ ಅಂತೀ. ತಗಡು ವಾಪಸ್ ಬೇಕಾಗ್ಯಾವೇನು ನಿನಗ?"

"ನನಗ ಬ್ಯಾಡ ಯವ್ವಾ. ನಿನ್ನ ಸಲುವಾಗಿ ಹೇಳಾಕತ್ತೀನಿ."

"ನನ್ನ ಸಲುವಾಗಿ?" ಮುದುಕಿ ಅವಳ ಮುಖವನ್ನು ತುಸು ಹೊತ್ತು ಹುಡುಕುವಂತೆ ನೋಡಿದಳು. "ನೀವೆಲ್ಲಾ ಅದರ ಕೆಳಗಾ ಹುಟ್ಟಿ ಬೆಳದೀರಿ. ನನ್ನ ಆಡಿಗೆ ಏನ್ ಆಕ್ಕೈತಿ? ಹೋಗು, ಬಸ್ ಹೋದೀತು."

ಭಾರತಿಗೆ ಸಿಟ್ಟು ಬರಲಿಲ್ಲ. ಮೌನೇಶ್ವರಿಗೆ ಗೋಡೆಯಾಚೆ ನಿಂತು ಹೇಗೆ ಅನ್ನಿಸಿರಬೇಕು ಎಂದು ಹೊಳೆದು ಮುಖ ಬಿಸಿಯಾಯಿತು. ಆಮೇಲೆ ಹೋದಾಗಲೆಲ್ಲ ಅದೇ ಮಾತು ಹೇಳಿದಳು. ರಾಜಾಬೀ ಹೂಂ ಅನ್ನಲಿಲ್ಲ. ಆದರೆ ಗಾಳಿಗೆ ಸಡಿಲಾದ ತಗಡಿಗೆ ಮೊಳೆ ಹೊಡೆಯುವ ಬದಲು ಕಲ್ಲು ಹೇರಿಸಿದ್ದಳು. ಅದು ಇವಳ ಮಾತಿಗೋ, ಮೊಳೆ ಇಲ್ಲದ್ದಕ್ಕೋ ತಿಳಿಯಲಿಲ್ಲ.

ಸ್ಲ್ಯಾಬ್ ಹಾಕಿದ ದಿನ ಕೆಲಸದವರಿಗೆಲ್ಲ ಗೋಧಿ ಹುಗ್ಗಿ ಮಾಡಿಸಿದರು. ಗದ್ದೆಮ್ಮ ಒಂದು ಬಟ್ಟಲು ತುಂಬಿ, "ಮೌನೇಶ್ವರಿಗೆ ಕೊಡ" ಎಂದಳು. ಭಾರತಿ ಹಿಂಜರಿದಳು. ಈ ಮನೆಯ ಅಡುಗೆ ಆ ಮನೆಯೊಳಗೆ ಎಂದೂ ಹೋಗಿರಲಿಲ್ಲ. ಗೋಡೆಯ ಮೇಲಿನಿಂದ ಕೊಟ್ಟಳು. ಮೌನೇಶ್ವರಿ ಎರಡೂ ಕೈಯಲ್ಲಿ ತೆಗೆದುಕೊಂಡು, "ತುಪ್ಪ ಬಿಟ್ಟೀರೇನು?" ಎಂದು ಕೇಳಿ ಒಳಗೆ ಹೋದಳು. ಮರುದಿನ ಬೆಳಿಗ್ಗೆ ಬಟ್ಟಲು ಗೋಡೆಯ ಮೇಲೆ ಕೂತಿತ್ತು, ತೊಳೆದು, ಒಳಗೆ ಒಂದು ಹಿಡಿ ಹುರಿದ ಸೇಂಗಾ ಹಾಕಿ.

"ಉಂಡಾರ ನೋಡ" ಎಂದಳು ಗದ್ದೆಮ್ಮ.

"ನೀ ಕಂಡಿಯೇನು? ಆಕಳಿಗೆ ಇಟ್ಟಿರಬಹುದು."

"ಎಲ್ಲಾ ನೀ ಕಣ್ಣಿಲೆ ಕಂಡಾ ನಂಬ್ತೀನಿ ಅಂದ್ರ ಹೆಂಗವಾ" ಎಂದು ಮುದುಕಿ ಬಟ್ಟಲು ಎತ್ತಿಕೊಂಡು ಒಳಗೆ ನಡೆದಳು.

ಭಾರತಿ ಟಿಕೆಟ್ ಮಿಷನ್ ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟಿದಳು. ಹಿಂದೆ ನಂದಿನಿ ಕೆಮ್ಮಿದಳು. ಭಾರತಿ ತಿರುಗಿ ನಿಂತಳು. ಸೇಂಗಾದ ಸಿಪ್ಪೆ ಗಂಟಲಿಗೆ ಸಿಕ್ಕಿತ್ತು, ಅಷ್ಟೆ. ಹುಡುಗಿ ನೀರು ಕುಡಿದು, ಬಾಯಿ ಒರೆಸಿಕೊಂಡು, "ಹೋಗಬೇ ಅವ್ವಾ, ಲೇಟ್ ಆಕ್ಕೈತಿ" ಎಂದು ನಕ್ಕಳು. ಭಾರತಿ ಇನ್ನೊಮ್ಮೆ ಕೆಮ್ಮು ಬರುತ್ತದೇನೋ ಎಂದು ಕಿವಿಗೊಟ್ಟು ನಿಂತೇ ಇದ್ದಳು. ಬರಲಿಲ್ಲ. ಆ ದಿನ ಲಿಂಗಸುಗೂರಿನ ಬಸ್ಸು ತುಸು ತಡವಾಗಿ ಹೊರಟಿತು.